ಯಾರ ಕಪಾಟಿನಲ್ಲಿ ಯಾರ ಸಿನಿಮಾ?



ಸ್ವಲ್ಪ ಉದ್ದ ಇದೆ. ಪುರುಸೊತ್ತು ಮಾಡಿಕೊಂಡು ಓದಿ.

ಈ ಸಲ ಏಪ್ರಿಲ್ 14ರ ಸಂಜೆ ನಮ್ಮೂರಿನ ಹುಡುಗರ ಹಾಸ್ಟೆಲ್ಲಿನಲ್ಲಿ ಸಿನಿಮಾ ತೋರಿಸೋಣ ಅಂತ ಮಾತಾಯ್ತು. ಭಾಷಣ ಪ್ರತಿ ವರ್ಷ ಇದ್ದದ್ದೇ. ಬಂದವರು ಮಾತಾಡ್ತಾರೆ, ಹುಡುಗರು ಊಟದ ಗಂಟೆ ಯಾವಾಗ ಹೊಡೀತದೆ ಅಂತ ಕಾಯ್ತಾ ಕೂತಿರ್ತಾರೆ. ಅದಕ್ಕೇ ‘ಚೋಮನ ದುಡಿ’ ಹಾಕೋಣ ಅಂದೆ. ಒಳ್ಳೇ ಡಿವಿಡಿಗಾಗಿ ಊರಿನ ಅಂಗಡಿಗಳಲ್ಲಿ ಕೇಳಿದೆವು, ಬೆಂಗಳೂರಿಗೆ ಹೋದವರಿಗೂ ಹೇಳಿ ಕಳಿಸಿದೆವು. ಸಿಗಲಿಲ್ಲ. ಕೊನೆಗೆ ಒಬ್ಬ ಹುಡುಗ ಮೊಬೈಲಿನಲ್ಲಿ ಎಲ್ಲಿಂದಲೋ ಇಳಿಸಿಕೊಂಡಿದ್ದ ಕಾಪಿಯನ್ನೇ ಪೆನ್‌ಡ್ರೈವಿಗೆ ಹಾಕಿ, ಗೋಡೆಗೆ ಬಿಳಿ ಪಂಚೆ ಕಟ್ಟಿ ತೋರಿಸಿದೆವು.

ಅದು ಕಪ್ಪು-ಬಿಳುಪು ಚಿತ್ರ. ನಮ್ಮ ಕಾಪಿಯಲ್ಲಿ ಕಪ್ಪೂ ಇಲ್ಲ, ಬಿಳುಪೂ ಇಲ್ಲ, ಬರೀ ಬೂದಿ ಬಣ್ಣ. ಮೂಲೆಯಲ್ಲಿ ಯಾವುದೋ ಟಿವಿ ಚಾನೆಲ್ಲಿನ ಗುರುತು. ಆದರೂ ಹುಡುಗರು ಅಲ್ಲಾಡದೆ ಕೂತಿದ್ದರು. ಚೋಮನ ಮಗ ನೀರಿನಲ್ಲಿ ಮುಳುಗುತ್ತಾನಲ್ಲ, ಮುಟ್ಟಿದರೆ ಮೈಲಿಗೆ ಅಂತ ದಡದಲ್ಲಿದ್ದವರು ಕೈ ಚಾಚಲ್ವಲ್ಲ, ಸರಿಯಾಗಿ ಅಲ್ಲಿಗೆ ಚಿತ್ರ ಚೌಕ ಚೌಕವಾಗಿ ಒಡೆದುಹೋಯಿತು. ದನಿ ಮಾತ್ರ ಬರ್ತಾ ಇತ್ತು. ಒಂಬತ್ತನೇ ಕ್ಲಾಸಿನ ಒಬ್ಬ ಎದ್ದು ನಿಂತು ಕೇಳಿದ: “ಅಣ್ಣಾ, ಆ ಹುಡುಗನ್ನ ಯಾರಾದ್ರೂ ಎತ್ತಿದ್ರಾ? ಕಾಣ್ಲಿಲ್ಲ.”

ಆ “ಕಾಣ್ಲಿಲ್ಲ” ಅನ್ನೋ ಮಾತು ಅವತ್ತಿಂದ ನನ್ನ ತಲೆಯಲ್ಲಿ ಕೊರೀತಾ ಇದೆ.

1975ರಲ್ಲಿ ದೇಶದ ಅತ್ಯುತ್ತಮ ಚಿತ್ರ ಅಂತ ಸ್ವರ್ಣ ಕಮಲ ಗೆದ್ದ ಸಿನಿಮಾ ಅದು. ಚೋಮನ ಪಾತ್ರ ಮಾಡಿದ ಎಂ.ವಿ. ವಾಸುದೇವರಾವ್ ಅವರಿಗೆ ರಾಷ್ಟ್ರ ಪ್ರಶಸ್ತಿ ಬಂತು. ಬಿ.ವಿ. ಕಾರಂತರನ್ನು ನಾಡು ಈಗಲೂ ನೆನೆಯುತ್ತದೆ, ಆದರೆ ನಾಟಕದ ಕಾರಂತರನ್ನು. ಸಿನಿಮಾ ನಿರ್ದೇಶಕ ಕಾರಂತರ ನೆನಪು ಪ್ರಶಸ್ತಿ ಪಟ್ಟಿಯಲ್ಲಿ ಒಂದು ಸಾಲಾಗಿ ಉಳಿದಿದೆ. ಎತ್ತು ಇದ್ದೂ ಉಳಲು ನೆಲ ಇಲ್ಲದ ಚೋಮನ ಕಥೆಯನ್ನು ಚೋಮನ ಮೊಮ್ಮಕ್ಕಳು ನೋಡಬೇಕು ಅಂದರೆ ಇದು ಗತಿ.

ನಮ್ಮ ಆಫೀಸಿನಲ್ಲಿ ಒಬ್ಬರು ಹಿರಿಯ ಸಹೋದ್ಯೋಗಿ ಇದ್ದಾರೆ. ಸಿನಿಮಾ ಡಿಸ್ಕ್ ಸಂಗ್ರಹ ಅವರ ಹುಚ್ಚು. ಮನೆಯಲ್ಲಿ ಒಂದು ಗೋಡೆ ಪೂರ್ತಿ ಡಿವಿಡಿ, ಬ್ಲೂ-ರೇ. ಒಂದೊಂದಕ್ಕೆ ಎರಡು ಮೂರು ಸಾವಿರ ಕೊಟ್ಟು ಹೊರದೇಶದಿಂದ ತರಿಸ್ತಾರೆ. ಅವರ ಹತ್ತಿರ ಒಂದು ನೋಟ್‌ಬುಕ್ ಇದೆ. ಲೋಕ ಮರೆತ ನಿರ್ದೇಶಕರ ಯಾವ ಯಾವ ಸಿನಿಮಾ ಡಿಸ್ಕಿನಲ್ಲಿ ಬರಬೇಕು ಅನ್ನೋ ಅವರ ಆಸೆಗಳ ಪಟ್ಟಿ. ಜಪಾನಿನವರು, ಹಂಗೇರಿಯವರು, ಬ್ರೆಜಿಲ್‌ನವರು. ಒಳ್ಳೇ ಮನುಷ್ಯ, ತುಂಬಾ ಓದಿಕೊಂಡವರು. ಹಾಸ್ಟೆಲ್ಲಿನ ಕಥೆ ಹೇಳಿ ಕೇಳಿದೆ: “ಸಾರ್, ನಿಮ್ಮ ಪಟ್ಟಿಯಲ್ಲಿ ಚೋಮ ಇಲ್ವಲ್ಲ?” ಒಂದು ಗಳಿಗೆ ಸುಮ್ಮನಿದ್ದು, “ಹೊಳೀಲೇ ಇಲ್ಲ ಕಣಯ್ಯಾ” ಅಂದರು.

ಅವರನ್ನ ಹಂಗಿಸೋಕೆ ಇದನ್ನ ಬರೀತಿಲ್ಲ. ಆ “ಹೊಳೀಲೇ ಇಲ್ಲ” ಅನ್ನೋದೇ ನನ್ನ ವಿಷಯ. “ಕಡೆಗಣಿಸಲ್ಪಟ್ಟ ನಿರ್ದೇಶಕರು” ಅಂತ ಬರೀತಾರಲ್ಲ, ಆ ವಾಕ್ಯದಲ್ಲಿ ಕಡೆಗಣಿಸಿದವರು ಯಾರು ಅನ್ನೋದೇ ಇರಲ್ಲ. ಆಫೀಸಿನ ಫೈಲಿನಲ್ಲೂ ನಾವು ಹೀಗೇ ಬರೀತೀವಿ. “ಕಡತ ವಿಳಂಬವಾಗಿದೆ” ಅಂತ. ಯಾರು ವಿಳಂಬ ಮಾಡಿದ್ದು ಅಂತ ಬರೆಯಲ್ಲ. ಆಸೆಪಡೋಕೂ ಒಂದು ಕಪಾಟು ಬೇಕು, ಕಪಾಟಿಗೆ ಮನೆ ಬೇಕು, ಆ ಸಿನಿಮಾ ಇದೆ ಅನ್ನೋದಾದರೂ ಗೊತ್ತಿರಬೇಕು. ಇವೆಲ್ಲ ಇರೋರು ಯಾರೋ ಅವರ ಪಟ್ಟಿಯೇ ಲೋಕದ ಪಟ್ಟಿ ಆಗ್ತದೆ.

ಹಂಗಂತ ಸಂಗ್ರಹಕಾರರ ಹುಚ್ಚು ಬರೀ ಉಳ್ಳವರ ಶೋಕಿ ಅಂತ ತಳ್ಳಿಹಾಕಬೇಡಿ. ಅಮೆರಿಕದ ಕರಿಯರ ಕಡೆ ನೋಡಿ. ನಮ್ಮ ದಲಿತ ಪ್ಯಾಂಥರ್ಸ್ 1972ರಲ್ಲಿ ಹೆಸರನ್ನೇ ಅವರಿಂದ ಪಡೆದವರು. ಅವರಲ್ಲಿ ಆಸ್ಕರ್ ಮಿಶೋ ಅಂತ ಒಬ್ಬ ನಿರ್ದೇಶಕ ಇದ್ದ. ಅವನ ಅಪ್ಪ ಗುಲಾಮನಾಗಿ ಹುಟ್ಟಿದವನು. ಮಗ ಬೇಸಾಯ ಮಾಡಿದ, ಕಾದಂಬರಿ ಬರೆದು ಮನೆ ಮನೆಗೆ ಹೋಗಿ ಮಾರಿದ, ಆಮೇಲೆ 40ಕ್ಕೂ ಹೆಚ್ಚು ಸಿನಿಮಾ ಮಾಡಿದ. ಅದರಲ್ಲಿ ಬಹುಪಾಲು ಕಳೆದುಹೋಗಿವೆ. 1920ರ ‘ವಿದಿನ್ ಅವರ್ ಗೇಟ್ಸ್’ ಕೂಡ ಕಳೆದೇಹೋಗಿತ್ತು. ಕರಿಯರನ್ನು ಗುಂಪುಗೂಡಿ ಕೊಲ್ಲುವುದನ್ನು ತೋರಿಸಿದ ಚಿತ್ರ ಅದು. ದಶಕಗಳ ನಂತರ ಸ್ಪೇನ್ ದೇಶದ ಚಿತ್ರಾಗಾರದಲ್ಲಿ ‘ಲಾ ನೆಗ್ರಾ’ ಅನ್ನೋ ಹೆಸರಲ್ಲಿ ಒಂದು ಪ್ರಿಂಟ್ ಸಿಕ್ಕಿತು. 2016ರಲ್ಲಿ ಮಿಶೋ ಮತ್ತು ಅವನ ಕಾಲದ ಕರಿಯ ನಿರ್ದೇಶಕರ ಚಿತ್ರಗಳು ಒಂದೇ ಪೆಟ್ಟಿಗೆಯಲ್ಲಿ, ಡಿಸ್ಕ್‌ಗಳಾಗಿ ಹೊರಬಂದವು. ಅದಕ್ಕೆ ಸಾಮಾನ್ಯ ಜನರೂ ಚಂದಾ ಎತ್ತಿ ಕೊಟ್ಟಿದ್ದರು.

ಇನ್ನೊಬ್ಬರು ಚಾರ್ಲ್ಸ್ ಬರ್ನೆಟ್. ಲಾಸ್ ಏಂಜಲೀಸ್‌ನ ವಾಟ್ಸ್ ಅನ್ನೋ ಕರಿಯರ ಕೇರಿಯಲ್ಲಿ, ಕುರಿ ಕಡಿಯೋ ಕಾರ್ಖಾನೆಯ ಕೂಲಿಯೊಬ್ಬನ ಬದುಕಿನ ಮೇಲೆ ‘ಕಿಲ್ಲರ್ ಆಫ್ ಶೀಪ್’ ಅಂತ ಸಿನಿಮಾ ಮಾಡಿದರು. ಓದುವಾಗ, ರಜೆ ದಿನಗಳಲ್ಲಿ, 10,000 ಡಾಲರಿಗೂ ಕಡಿಮೆ ಖರ್ಚಿನಲ್ಲಿ. ಕಾಲೇಜಿಗೆ ಒಪ್ಪಿಸಬೇಕಿದ್ದ ಚಿತ್ರ ಅದು. ಅದರಲ್ಲಿ ಬಳಸಿದ ಹಾಡುಗಳ ಹಕ್ಕು ಇರಲಿಲ್ಲ, ಹಾಗಾಗಿ ಸುಮಾರು ಮೂವತ್ತು ವರ್ಷ ಸರಿಯಾದ ಬಿಡುಗಡೆಯೇ ಇಲ್ಲ. 2007ರಲ್ಲಿ ಒಂದು ಚಿಕ್ಕ ಕಂಪನಿ ಸುಮಾರು 1,50,000 ಡಾಲರ್ ಕಟ್ಟಿ ಹಾಡಿನ ಹಕ್ಕು ಬಿಡಿಸಿತು, ಥಿಯೇಟರಿಗೂ ತಂತು, ಡಿವಿಡಿಯನ್ನೂ ಮಾಡಿತು. ಬೇಕು ಬೇಕು ಅಂತ ವರ್ಷಾನುಗಟ್ಟಲೆ ಪಟ್ಟು ಹಿಡಿದವರಿಲ್ಲದೆ ಇದು ಆಗ್ತಿತ್ತಾ?

ಈಗ ಕೇರಳಕ್ಕೆ ಬನ್ನಿ. ಪಿ.ಕೆ. ರೋಸಿ. ಮಲಯಾಳಂನ ಮೊದಲ ನಾಯಕಿ, ನಮ್ಮ ಹೆಣ್ಣುಮಗಳು. ಜೆ.ಸಿ. ಡ್ಯಾನಿಯಲ್ ನಿರ್ದೇಶನದ ‘ವಿಗತಕುಮಾರನ್’ ಅನ್ನೋ ಮೂಕಿ ಚಿತ್ರದಲ್ಲಿ ನಾಯರ್ ಹೆಣ್ಣಿನ ಪಾತ್ರ ಮಾಡಿದ್ದೇ ತಪ್ಪಾಯ್ತು. ತಿರುವನಂತಪುರದಲ್ಲಿ ಪರದೆಗೆ ಕಲ್ಲು ಬಿತ್ತು, ಆಕೆ ಊರು ಬಿಟ್ಟು ಓಡಬೇಕಾಯ್ತು. ಕೊನೆಗೆ ತಮಿಳುನಾಡಿನಲ್ಲಿ ಬೇರೆ ಹೆಸರಲ್ಲಿ ಬದುಕು ಮುಗಿಸಿದರು. ಡ್ಯಾನಿಯಲ್ ಮತ್ತೆ ಸಿನಿಮಾ ಮಾಡಲಿಲ್ಲ. ಇವತ್ತು ಅವರ ಹೆಸರಲ್ಲಿ ಕೇರಳ ಸರ್ಕಾರದ ದೊಡ್ಡ ಪ್ರಶಸ್ತಿ ಇದೆ, ರೋಸಿ ಹೆಸರಲ್ಲಿ ಚೆನ್ನೈನಲ್ಲಿ ಚಿತ್ರೋತ್ಸವ ನಡೀತದೆ. ಆದರೆ ಆ ಸಿನಿಮಾ? ಇಲ್ಲ. ರೋಸಿ ಪರದೆ ಮೇಲೆ ನಡೆದಾಡೋದನ್ನ ಇನ್ನು ಯಾರೂ ಯಾವತ್ತೂ ನೋಡೋಕಾಗಲ್ಲ. ಯಾವ ಸಂಗ್ರಹಕಾರನ ಆಸೆಯೂ ಅದನ್ನ ವಾಪಸ್ ತರಲ್ಲ. ಆಸೆಪಡೋಕೂ ಒಂದು ಗಡುವು ಇದೆ ಅಂತ ನನಗೆ ಅರ್ಥವಾಗಿದ್ದು ರೋಸಿಯಿಂದ.

ಸಿನಿಮಾ ಡಿಸ್ಕಿಗೆ ಬರೋಕೆ ಮೂರು ಬೇಕು: ಚೆನ್ನಾಗಿರೋ ನೆಗೆಟಿವ್ ಅಥವಾ ಪ್ರಿಂಟ್, ಹಕ್ಕು, ಹಣ. ಗುಮಾಸ್ತನ ಲೆಕ್ಕದಲ್ಲಿ ಒಂದೊಂದೇ ನೋಡೋಣ.

ಹಳೇ ರೀಲು ತಾನಾಗೇ ಕೊಳೀತದೆ. ಡಬ್ಬ ತೆಗೆದರೆ ವಿನೆಗರ್ ವಾಸನೆ ಹೊಡೀತದಂತೆ. ಎಷ್ಟೋ ಕಪ್ಪು-ಬಿಳುಪು ಚಿತ್ರಗಳನ್ನ ಬೆಳ್ಳಿ ತೆಗೆಯೋಕೆ ಕರಗಿಸಿದ್ದೂ ಉಂಟು. ಹಕ್ಕಿನ ವಿಷಯಕ್ಕೆ ಬಂದರೆ, 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಸಾಮಾನ್ಯವಾಗಿ ಸಿನಿಮಾ ನಿರ್ಮಾಪಕರದ್ದು, ನಿರ್ದೇಶಕರದ್ದಲ್ಲ. ಅವಧಿ 60 ವರ್ಷ. 1970ರ ‘ಸಂಸ್ಕಾರ’ಕ್ಕೆ 2030ರ ಕೊನೆವರೆಗೆ, 1975ರ ‘ಚೋಮನ ದುಡಿ’ಗೆ 2035ರ ಕೊನೆವರೆಗೆ. ಆಮೇಲೆ ಅದು ಎಲ್ಲರ ಸೊತ್ತು. ಆದರೆ ಅಲ್ಲಿವರೆಗೆ ರೀಲು ಉಳೀಬೇಕಲ್ಲ?

ಇನ್ನು ಹಣ. ಹಣ ಇಲ್ಲ ಅನ್ನೋ ಮಾತು ನಾನು ಒಪ್ಪಲ್ಲ. 2022ರಲ್ಲಿ ಕೇಂದ್ರ ಸರ್ಕಾರ 2,200 ಸಿನಿಮಾಗಳ ಪುನರುಜ್ಜೀವನಕ್ಕೆ 363 ಕೋಟಿ ರೂಪಾಯಿ ಅಂತ ಘೋಷಿಸಿತು. ನಮ್ಮ ರಾಜ್ಯ ದಶಕಗಳಿಂದ ಕನ್ನಡ ಚಿತ್ರಗಳಿಗೆ ಸಹಾಯಧನ ಕೊಡ್ತಾ ಬಂದಿದೆ. ಅದು ಯಾರ ದುಡ್ಡು? ಬೆಂಕಿಪೊಟ್ಟಣ ಕೊಳ್ಳೋ ನಮ್ಮವ್ವಂದಿರ ದುಡ್ಡೂ ಅದರಲ್ಲಿದೆ.

ಆಗಲ್ಲ ಅನ್ನೋರಿಗೆ ‘ಘಟಶ್ರಾದ್ಧ’ ತೋರಿಸಿ. ಗಿರೀಶ ಕಾಸರವಳ್ಳಿಯವರ 1977ರ ಚಿತ್ರ, ಅದಕ್ಕೂ ಸ್ವರ್ಣ ಕಮಲ ಬಂದಿತ್ತು. ಪುಣೆಯ ಚಿತ್ರಾಗಾರದಲ್ಲಿ ಉಳಿದಿದ್ದ ನೆಗೆಟಿವ್‌ನಿಂದ ಮುಂಬೈನ ಫಿಲ್ಮ್ ಹೆರಿಟೇಜ್ ಫೌಂಡೇಶನ್, ಅಮೆರಿಕದ ಮಾರ್ಟಿನ್ ಸ್ಕಾರ್ಸೆಸಿಯವರ ಸಂಸ್ಥೆ ಸೇರಿ ಅದನ್ನ ಹೊಸದು ಮಾಡಿ, 2024ರಲ್ಲಿ ವೆನಿಸ್‌ನಲ್ಲಿ ತೋರಿಸಿದರು. ನನಗೆ ನಿಜವಾಗಿ ಖುಷಿಯಾಯ್ತು. ಬಹಿಷ್ಕಾರಕ್ಕೊಳಗಾದ ಬ್ರಾಹ್ಮಣ ವಿಧವೆಯ ನೋವು ಲೋಕ ನೋಡಲಿ. ಆದರೆ ಅಗ್ರಹಾರದ ಒಳಗಿನ ನೋವು ವೆನಿಸ್ ತಲುಪಿದ ಮೇಲೆ, ಅಗ್ರಹಾರದ ಹೊರಗಿನ ನೋವು ನಮ್ಮ ಹಾಸ್ಟೆಲ್ಲಿನ ಗೋಡೆಗಾದರೂ ಬರಬೇಡವಾ?

ನಮ್ಮಲ್ಲೇ ಕೆಲವರು ಕೇಳ್ತಾರೆ: “ಅವೆಲ್ಲ ಮೇಲ್ಜಾತಿಯವರು ಮಾಡಿದ ಸಿನಿಮಾ, ಅದರಲ್ಲಿ ಬರೀ ಕನಿಕರ ಇದೆ, ನಮಗ್ಯಾಕೆ?” ಪ್ರಶ್ನೆ ನ್ಯಾಯವಾದದ್ದೇ. ಚೋಮ ದುಡಿ ಬಡೀತಾ ಸಾಯ್ತಾನೆ, ಸಂಘ ಕಟ್ಟಲ್ಲ. ನನಗೂ ಆ ತಕರಾರು ಇದೆ. ‘ಸಂಸ್ಕಾರ’ ಕಾದಂಬರಿಯಲ್ಲಿ ಇಡೀ ಅಗ್ರಹಾರ ಒಂದು ಹೆಣದ ಸಂಸ್ಕಾರದ ಬಗ್ಗೆ ಚರ್ಚೆ ಮಾಡ್ತಾ ಇರುವಾಗ, ಹೊಲಗೇರಿಯಲ್ಲಿ ಸತ್ತವರನ್ನ ಗುಡಿಸಲ ಸಮೇತ ಸುಡ್ತಾರೆ. ಅದರ ಬಗ್ಗೆ ಚರ್ಚೆ ಇಲ್ಲ. ಪಟ್ಟಾಭಿರಾಮ ರೆಡ್ಡಿಯವರು ಸಿನಿಮಾದಲ್ಲಿ ನಮ್ಮ ಕೇರಿಗೆ ಎಷ್ಟು ಸೆಕೆಂಡು ಕೊಟ್ಟಿದ್ದಾರೆ, ಕ್ಯಾಮೆರಾ ಎಲ್ಲಿ ನಿಲ್ತದೆ, ಎಲ್ಲಿ ಮುಖ ತಿರುಗಿಸ್ತದೆ? ಇದನ್ನ ನಿಲ್ಲಿಸಿ, ಹಿಂದಕ್ಕೆ ಓಡಿಸಿ, ಮತ್ತೆ ನೋಡಿ, ಹುಡುಗರ ಜೊತೆ ವಾದ ಮಾಡಬೇಕು. ಅದಕ್ಕೆ ಕೈಗೆ ಸಿಗೋ ಕಾಪಿ ಬೇಕು. ಜಗಳ ಆಡೋದಕ್ಕೂ ಸಿನಿಮಾ ಕಣ್ಣಿಗೆ ಕಾಣಬೇಕು. ಚಿತ್ರೋತ್ಸವದಲ್ಲಿ ಒಂದು ಸಲ ತೋರಿಸಿ ಡಬ್ಬಕ್ಕೆ ಹಾಕಿಬಿಟ್ಟರೆ ಹೊಗಳಿದವರ ಮಾತೇ ಕೊನೆ ಮಾತು ಆಗ್ತದೆ.

“ಎಲ್ಲಾ ಮೊಬೈಲಲ್ಲೇ ಬರ್ತದಲ್ಲ, ಡಿಸ್ಕ್ ಯಾರಿಗೆ ಬೇಕು?” ಅನ್ನೋರೂ ಇದ್ದಾರೆ. ಒಟಿಟಿಯಲ್ಲಿ ಇವತ್ತು ಇರ್ತದೆ, ಒಪ್ಪಂದ ಮುಗಿದರೆ ನಾಳೆ ಇರಲ್ಲ. ಮೊದಲು ಆನಂದ್ ಪಟವರ್ಧನ್ ಅವರ ‘ಜೈ ಭೀಮ್ ಕಾಮ್ರೇಡ್’ ಡಿವಿಡಿ ನಮ್ಮ ಕೈಗೆ ಬಂದಿತ್ತು. 1997ರಲ್ಲಿ ಮುಂಬೈನ ರಮಾಬಾಯಿ ನಗರದಲ್ಲಿ ಪೊಲೀಸರ ಗುಂಡಿಗೆ ಹತ್ತು ಜನ ಬಲಿಯಾದರಲ್ಲ, ಅಲ್ಲಿಂದ ಶುರುವಾಗಿ 14 ವರ್ಷ ತೆಗೆದ ಸಾಕ್ಷ್ಯಚಿತ್ರ. ಆ ಒಂದು ಡಿಸ್ಕ್ ಕೈಯಿಂದ ಕೈಗೆ, ಊರಿಂದ ಊರಿಗೆ ಹೋಗಿ, ಗೀರು ಬಿದ್ದು ಬಿದ್ದು ಕೊನೆಗೆ ನಿಂತುಹೋಯ್ತು. ಹೋಗಲಿ ಬಿಡಿ. ಸವೆದು ಸತ್ತ ಡಿಸ್ಕ್ ಅದು, ಕಪಾಟಿನಲ್ಲಿ ಕೂತು ಸತ್ತದ್ದಲ್ಲ. ನೆಟ್‌ವರ್ಕ್ ಇಲ್ಲದ ಊರಲ್ಲೂ ಅದು ಓಡಿತು. ಯಾರೂ ಅದನ್ನ ದೂರದಿಂದ ಅಳಿಸೋಕೆ ಆಗಲಿಲ್ಲ.

ಹಾಗಾಗಿ ನಾವೂ ಒಂದು ಪಟ್ಟಿ ಮಾಡೋಣ ಅಂತ ನನ್ನ ಆಸೆ. ಆದರೆ ಆಸೆಯ ಪಟ್ಟಿ ಅಲ್ಲ, ಹಕ್ಕೊತ್ತಾಯದ ಪಟ್ಟಿ.

ಒಂದು, ಆ 2,200 ಚಿತ್ರಗಳಲ್ಲಿ ಕನ್ನಡದವು ಎಷ್ಟು, ಯಾವುವು, ಕೆಲಸ ಎಲ್ಲಿಗೆ ಬಂತು ಅಂತ ಆರ್‌ಟಿಐ ಅರ್ಜಿ ಹಾಕೋಣ. ಹತ್ತು ರೂಪಾಯಿ ಕೆಲಸ. ಅರ್ಜಿ ನಾನು ಬರೆದುಕೊಡ್ತೀನಿ, ಅದು ನನ್ನ ಕಸುಬು.

ಎರಡು, ‘ಚೋಮನ ದುಡಿ’, ‘ಸಂಸ್ಕಾರ’, ಪ್ರೇಮಾ ಕಾರಂತರ ‘ಫಣಿಯಮ್ಮ’, ಪಿಂಚಣಿಗಾಗಿ ಅಲೆದ ಜವಾನನ ‘ತಬರನ ಕಥೆ’, ಇಂಥ ಚಿತ್ರಗಳ ಹಕ್ಕುದಾರರ ಜೊತೆ ರಾಜ್ಯ ಸರ್ಕಾರ, ಚಲನಚಿತ್ರ ಅಕಾಡೆಮಿ ಕೂತು ಮಾತಾಡಲಿ. ಹಕ್ಕುದಾರರಿಗೆ ನ್ಯಾಯವಾದ ದುಡ್ಡು ಕೊಡಲಿ, ಒಳ್ಳೇ ಕಾಪಿ ಮಾಡಿಸಲಿ.

ಮೂರು, ಇನ್ನು ಮುಂದೆ ಸಹಾಯಧನ ಪಡೆಯೋ ಪ್ರತಿ ಚಿತ್ರದ ಒಂದು ಪೂರ್ತಿ ಕಾಪಿ ರಾಜ್ಯದ ಚಿತ್ರಾಗಾರಕ್ಕೆ ಬರಲಿ. ಹಾಸ್ಟೆಲ್ಲು, ಜಿಲ್ಲಾ ಗ್ರಂಥಾಲಯ, ಅಂಬೇಡ್ಕರ್ ಭವನಗಳಲ್ಲಿ ತೋರಿಸೋಕೆ ಅನುಮತಿ ಷರತ್ತಿನಲ್ಲೇ ಇರಲಿ.

ನಾಲ್ಕನೇದು ನಮಗೆ ನಾವೇ ಹೇಳಿಕೊಳ್ಳಬೇಕಾದ್ದು. ನಮ್ಮ ಸಮಾವೇಶ, ಜಾಥಾ, ಹೋರಾಟದ ಹಾಡುಗಳ ವಿಎಚ್‌ಎಸ್ ಕ್ಯಾಸೆಟ್‌ಗಳು ಎಷ್ಟೋ ಮನೆಗಳ ಟ್ರಂಕಿನಲ್ಲಿ ಬೂಷ್ಟು ಹಿಡೀತಾ ಇವೆ. ಅದನ್ನ ತೆಗೆದವರೂ ಲೋಕ ಮರೆತ ನಿರ್ದೇಶಕರೇ. ಅವರನ್ನ ನಾವೇ ಮರೆತರೆ ಬೇರೆಯವರ ಮೇಲೆ ಏನಂತ ದೂರೋದು?

ಮೊನ್ನೆ ಆಫೀಸಿನಲ್ಲಿ ಊಟದ ಹೊತ್ತಿಗೆ ಆ ಹಿರಿಯ ಸಹೋದ್ಯೋಗಿ ನೋಟ್‌ಬುಕ್ ತಂದು ನನ್ನ ಮುಂದೆ ಇಟ್ಟರು. ಪಟ್ಟಿಯ ಮೇಲುಗಡೆ, ಜಾಗ ಇಲ್ಲದ ಕಡೆ, ಚಿಕ್ಕ ಅಕ್ಷರದಲ್ಲಿ ‘ಚೋಮನ ದುಡಿ’ ಅಂತ ಸೇರಿಸಿದ್ದರು. ಆರ್‌ಟಿಐ ಅರ್ಜಿಗೆ ನಾನೂ ಸಹಿ ಹಾಕ್ತೀನಿ ಅಂದರು.

ಒಂಬತ್ತನೇ ಕ್ಲಾಸಿನ ಆ ಹುಡುಗನಿಗೆ ಅವತ್ತು ನಾನು ಬಾಯಲ್ಲೇ ಉತ್ತರ ಹೇಳಿದೆ: “ಇಲ್ಲಪ್ಪಾ, ಯಾರೂ ಎತ್ತಲಿಲ್ಲ.” ಮುಂದಿನ ಏಪ್ರಿಲ್ 14ಕ್ಕೆ ಅವನು ಅದನ್ನ ತನ್ನ ಕಣ್ಣಿಂದಲೇ ನೋಡಬೇಕು. ದಡದಲ್ಲಿ ನಿಂತವರ ಮುಖಗಳನ್ನೂ ನೋಡಬೇಕು, ಒಬ್ಬೊಬ್ಬರದ್ದಾಗಿ, ಸ್ಪಷ್ಟವಾಗಿ.

ಅರ್ಜಿಗೆ ಜೊತೆಯಾಗೋರು ಹೇಳಿ.

ಜೈ ಭೀಮ್.