ಅಮ್ಮನ ಮಾತ್ರೆ ಮತ್ತು ಹಿಟ್ಟಿನ ಗಿರಣಿ

ಕಳೆದ ತಿಂಗಳು ಅಮ್ಮನ ಮಾತ್ರೆ ಡಬ್ಬಿ ತೆರೆದರೆ ಲೆಕ್ಕ ತಾಳೆಯಾಗಲಿಲ್ಲ. ಮುಗಿದಿರಬೇಕಾಗಿದ್ದ ಲೆಟ್ರೊಜೋಲ್ ಮಾತ್ರೆಗಳಲ್ಲಿ ಹನ್ನೆರಡು ಹಾಗೇ ಉಳಿದಿದ್ದವು.

"ಗಡ್ಡೆ ತೆಗೆದು ಎರಡು ವರ್ಷ ಆಯ್ತಲ್ಲೇ? ಇದನ್ನ ನುಂಗಿದ್ರೆ ಬೆಳಗ್ಗೆ ಬೆರಳು ಮಡಚೋಕೂ ಆಗಲ್ಲ" ಅಂದಳು.

ಬಯ್ಯಬೇಕೆನಿಸಿತು. ಆದರೆ ಆ ಮಾತ್ರೆ ಏಕೆಂದು ನನಗಾದರೂ ಎಲ್ಲಿ ಗೊತ್ತಿತ್ತು? ಆ ರಾತ್ರಿ ಕೂತು ಓದಿದೆ.

ಕೆಲವು ಸ್ತನ ಕ್ಯಾನ್ಸರ್‌ಗಳು ಈಸ್ಟ್ರೊಜೆನ್ ಹಾರ್ಮೋನನ್ನು ಉಂಡು ಬೆಳೆಯುತ್ತವೆ. ಮುಟ್ಟು ನಿಂತ ಮೇಲೆ ಅಂಡಾಶಯ ಅದನ್ನು ತಯಾರಿಸುವುದು ನಿಲ್ಲಿಸಿದರೂ, ಮೈಯ ಕೊಬ್ಬಿನಲ್ಲಿ ಅರೊಮಟೇಸ್ ಎಂಬ ಕಿಣ್ವ ಆಂಡ್ರೊಜೆನ್‌ಗಳನ್ನು ಈಸ್ಟ್ರೊಜೆನ್ ಆಗಿ ಮಾರ್ಪಡಿಸುತ್ತಲೇ ಇರುತ್ತದೆ. ಮರುದಿನ ಅಮ್ಮನಿಗೆ ಹೇಳಿದೆ: "ಆಂಡ್ರೊಜೆನ್ ಜೋಳ, ಈಸ್ಟ್ರೊಜೆನ್ ಹಿಟ್ಟು, ಅರೊಮಟೇಸ್ ಗಿರಣಿ. ನಿನ್ನ ಮಾತ್ರೆ ಗಿರಣಿಗೆ ಸಿಕ್ಕಿಕೊಳ್ಳೋ ಕಲ್ಲು."

ಆ ಕಲ್ಲನ್ನು ಹುಡುಕಿದವರಲ್ಲಿ ಮೊದಲಿಗರು ಆಂಜೆಲಾ ಬ್ರೋಡಿ. 1970ರ ದಶಕದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ, ರಸಾಯನಶಾಸ್ತ್ರಜ್ಞರಾದ ಪತಿ ಹ್ಯಾರಿ ಬ್ರೋಡಿ ಜೊತೆ ಅವರು ಈ ಕಿಣ್ವದ ಬೆನ್ನುಬಿದ್ದರು. ಅವರ ಫಾರ್ಮೆಸ್ಟೇನ್ ನೋಡಲು ಜೋಳದಂತೆಯೇ. ಕಿಣ್ವ ಮೋಸಹೋಗಿ ಹಿಡಿದುಕೊಂಡರೆ ಮತ್ತೆ ಬಿಡಿಸಿಕೊಳ್ಳಲಾಗದು. ಔಷಧ ಕಂಪನಿಗಳಿಗೆ ಮೊದಮೊದಲು ಇದರಲ್ಲಿ ಆಸಕ್ತಿ ಇರಲಿಲ್ಲ. ಲಂಡನ್ನಿನಲ್ಲಿ ಚಾರ್ಲ್ಸ್ ಕೂಮ್ಸ್ ಅದನ್ನು 11 ರೋಗಿಗಳಿಗೆ ಕೊಟ್ಟು ನೋಡಿದರು. ನಾಲ್ವರಲ್ಲಿ ರೋಗ ತಗ್ಗಿತು. 1984ರಲ್ಲಿ ಆ ವರದಿ ಬಂತು. ಚುಚ್ಚುಮದ್ದಾಗಿದ್ದ ಅದರ ನಂತರ ಬಂದವು ಅನಾಸ್ಟ್ರೊಜೋಲ್, ಲೆಟ್ರೊಜೋಲ್, ಎಕ್ಸೆಮೆಸ್ಟೇನ್ ಮಾತ್ರೆಗಳು.

ಹಾಗಾದರೆ ಬೆರಳು ನೋವು? ಅದು ಅಮ್ಮನ ನೆಪವಲ್ಲ. ಈಸ್ಟ್ರೊಜೆನ್ ಇಳಿದರೆ ಕೀಲು ನೋಯುತ್ತದೆ, ಮೂಳೆಯೂ ಸವೆಯುತ್ತದೆ. ಎರಡು ವರ್ಷ "ಮಾತ್ರೆ ತಗೊಂಡ್ಯಾ?" ಎಂದು ಕೇಳಿದ್ದೆನೇ ಹೊರತು "ನೋಯ್ತಿದೆಯಾ?" ಎಂದು ಕೇಳಿರಲಿಲ್ಲ. ಇಲ್ಲಿ ಪುಣೆಯಲ್ಲಿ ಡಾಕ್ಟರ ಮುಂದೆ ಹಿಂದಿಯಲ್ಲಿ ಹೇಳಲಾಗದೆ ಅವಳೂ ಸುಮ್ಮನಿದ್ದಳು.

ಈ ಸಲ ನಾನೇ ಕನ್ನಡದಿಂದ ಹಿಂದಿಗೆ ದಾಟಿಸಿದೆ. ಡಾಕ್ಟರು ಗದರಲಿಲ್ಲ. ಮೂಳೆಯ ಸ್ಕ್ಯಾನ್ ಮಾಡಿಸಿ, ದಿನಾ ನಡೆಯಲು ಹೇಳಿ, ಅದೇ ಗುಂಪಿನ ಬೇರೆ ಮಾತ್ರೆ ಬರೆದುಕೊಟ್ಟರು. ಸಾಮಾನ್ಯವಾಗಿ ಕನಿಷ್ಠ ಐದು ವರ್ಷದ ಔಷಧವಿದು, ತಾವಾಗಿಯೇ ನಿಲ್ಲಿಸಬಾರದು.

ನಿಮ್ಮ ಮನೆಯಲ್ಲೂ ಇಂಥ ಡಬ್ಬಿ ಇದ್ದರೆ ಮಾತ್ರೆ ಎಣಿಸುವ ಮೊದಲು ನೋವು ಕೇಳಿ.

ನಿನ್ನೆ ಊಟವಾದ ಮೇಲೆ ಅಮ್ಮ ಮಾತ್ರೆ ಬಾಯಿಗೆ ಹಾಕಿಕೊಂಡು ಹೇಳಿದಳು: "ತಗೋ, ಗಿರಣಿಗೆ ಕಲ್ಲು ಹಾಕ್ದೆ."