ತೆರೆದ ಕಾರ್ಡನ್ನು ಓದಬಹುದೆ?

2025ನೆಯ ಇಸವಿಯ ಜುಲೈ ತಿಂಗಳ ಮಧ್ಯದಲ್ಲಿ ಒಂದು ಬೆಳಗ್ಗೆ ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಬಹಳ ಉಲ್ಲಾಸವಿತ್ತು. ಮಿತ್ರರೊಬ್ಬರು ಪತ್ರಿಕೆಯನ್ನು ಮೇಜಿನ ಮೇಲೆ ಹರಡಿ, "ಇನ್ನು ಹೆದರಿಕೆಯಿಲ್ಲ ಸಾರ್, ಹೆಂಡತಿ ಆಡಿದ್ದನ್ನೆಲ್ಲ ಗುಟ್ಟಾಗಿ ರೆಕಾರ್ಡು ಮಾಡಿಟ್ಟುಕೊಳ್ಳಬಹುದಂತೆ. ಸುಪ್ರೀಂ ಕೋರ್ಟೇ ಹೇಳಿಬಿಟ್ಟಿದೆ" ಎಂದು ಸಾರಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಹೋಗಿ ತೀರ್ಪಿನ ವಿವರಗಳನ್ನು ಓದಿದ ಮೇಲೆ ನಗು ನಿಂತಿತು. ಕೋರ್ಟು ಹಾಗೆ ಹೇಳಿರಲಿಲ್ಲ. ಹೇಳದಿದ್ದುದನ್ನು ನಾವು ಎಷ್ಟು ಆತುರದಿಂದ ಕೇಳಿಸಿಕೊಂಡೆವು ಎಂಬುದೇ ನನಗೆ ವಿಚಾರದ ವಿಷಯವಾಯಿತು.

ಸಂಗತಿ ಇಷ್ಟು. ಪಂಜಾಬಿನ ಭಟಿಂಡಾದ ಕೌಟುಂಬಿಕ ನ್ಯಾಯಾಲಯದಲ್ಲಿ ಒಂದು ವಿಚ್ಛೇದನದ ದಾವೆ. ಹೆಂಡತಿಗೆ ತಿಳಿಯದಂತೆ ದಾಖಲಿಸಿಕೊಂಡ ಟೆಲಿಫೋನು ಸಂಭಾಷಣೆಗಳನ್ನು ಗಂಡ ಸಾಕ್ಷ್ಯವಾಗಿ ತಂದ. ಇದು ಆಕೆಯ ಖಾಸಗಿತನದ ಉಲ್ಲಂಘನೆಯೆಂದು 2021ರಲ್ಲಿ ಅಲ್ಲಿಯ ಉಚ್ಚ ನ್ಯಾಯಾಲಯ ತಳ್ಳಿಹಾಕಿತು. 2025ರ ಜುಲೈ 14ರಂದು ನ್ಯಾಯಮೂರ್ತಿ ಬಿ. ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಸತೀಶ್ ಚಂದ್ರ ಶರ್ಮ ಅವರ ಪೀಠ ಅದನ್ನು ಬದಿಗೊತ್ತಿ, ಅಂಥ ದಾಖಲೆಯನ್ನು ವೈವಾಹಿಕ ವ್ಯಾಜ್ಯದಲ್ಲಿ ಸಾಕ್ಷ್ಯವಾಗಿ ಪರಿಶೀಲಿಸಬಹುದು ಎಂದಿತು. ಗಂಡಹೆಂಡಿರ ನಡುವಿನ ಮಾತಿಗೆ ರಕ್ಷಣೆ ಕೊಡುವ 1872ರ ಸಾಕ್ಷ್ಯ ಕಾಯಿದೆಯ 122ನೆಯ ಕಲಮು, ಅವರಿಬ್ಬರೇ ಎದುರುಬದುರಾಗಿ ನಿಂತ ದಾವೆಗೆ ತಾನೇ ವಿನಾಯಿತಿ ಕೊಟ್ಟಿದೆ ಎಂಬುದು ಅದಕ್ಕೆ ಆಧಾರ. ಒಬ್ಬರ ಮೇಲೊಬ್ಬರು ಬೇಹುಗಾರಿಕೆ ನಡೆಸುವ ಮಟ್ಟಕ್ಕೆ ಸಂಸಾರ ಬಂದಿದ್ದರೆ ಅದು ಆಗಲೇ ಮುರಿದ ನಂಬಿಕೆಯ ಲಕ್ಷಣ ಎಂದೂ ಪೀಠ ಹೇಳಿತು. ರೋಗದ ಲಕ್ಷಣವೆಂದು ಹೇಳಿದ್ದನ್ನು ನಮ್ಮ ಮಿತ್ರರು ಔಷಧಿಯ ಚೀಟಿಯೆಂದು ತಿಳಿದರು!

ಸಾಕ್ಷ್ಯವಾಗಿ ಒಪ್ಪುವುದು ಬೇರೆ, ಅಪ್ಪಣೆ ಕೊಡುವುದು ಬೇರೆ. ಮುಂಬಯಿಯ ಒಂದು ಲಂಚದ ಪ್ರಕರಣದಲ್ಲಿ 1972ರಷ್ಟು ಹಿಂದೆಯೇ ಸರ್ವೋಚ್ಚ ನ್ಯಾಯಾಲಯ ಟೇಪು ಮಾಡಿದ ದೂರವಾಣಿ ಮಾತನ್ನು ಸಾಕ್ಷ್ಯವೆಂದು ಒಪ್ಪಿತ್ತು. ಸಾಕ್ಷ್ಯ ಬಂದ ದಾರಿ ಸರಿಯಿಲ್ಲದಿದ್ದರೂ ವಿಷಯಕ್ಕೆ ಸಂಬಂಧಿಸಿದ್ದಾದರೆ ನೋಡಬಹುದೆಂಬುದು ನಮ್ಮ ದೇಶದ ಹಳೆಯ ನಿಯಮ. ಕದ್ದು ತಂದ ಕಾಗದವನ್ನು ನ್ಯಾಯಾಧೀಶರು ಓದಬಹುದು. ಅದರಿಂದ ಕಳವು ಪುಣ್ಯಕಾರ್ಯವಾಗುವುದಿಲ್ಲ.

ಎದುರು ಪಕ್ಷದ ಒಂದು ಮಾತನ್ನು ನಾನು ಮನಃಪೂರ್ವಕವಾಗಿ ಒಪ್ಪುತ್ತೇನೆ. ನಾಲ್ಕು ಗೋಡೆಗಳ ನಡುವೆ ಬೈಗುಳ, ಬೆದರಿಕೆ ಉಣ್ಣುವ ಹೆಣ್ಣುಮಗಳಿಗೆ ಬೇರೆ ಸಾಕ್ಷಿ ಯಾರು? ಆಕೆಯ ಕೈಯ ಮೊಬೈಲೇ ಸಾಕ್ಷಿ. ಅದನ್ನು ಕಸಿಯಬೇಕೆಂದು ಯಾರೂ ಹೇಳಲಾರರು. ಆದರೆ ಇಲ್ಲಿ ಒಂದು ಗೆರೆಯುಂಟು. ತನಗೆ ಹೇಳಿದ ಮಾತನ್ನು ಆಪತ್ತಿಗಾಗಿ ಕಾದಿಡುವುದು ಒಂದು. ತನಗೆ ಹೇಳದ ಮಾತನ್ನು, ಬೇರೆಯವರಿಗೆ ಬರೆದ ಮಾತನ್ನು ತೆರೆದು ನೋಡುವುದು ಇನ್ನೊಂದು. ಮೊದಲನೆಯದಕ್ಕೆ ಕೆಲವೊಮ್ಮೆ ಕಾರಣವಿದ್ದೀತು. ನನ್ನ ತಕರಾರು ಎರಡನೆಯದನ್ನು ಕುರಿತು. ನಮ್ಮ ಮನೆ, ಕಾಲೇಜು, ವಿದ್ಯಾರ್ಥಿನಿಲಯಗಳಲ್ಲಿ ದಿನವೂ ನಡೆಯುವುದು ಈ ಎರಡನೆಯದೇ.

ನನ್ನ ತಂದೆ ಹಳ್ಳಿಯ ಶಾಲೆಯ ಮೇಷ್ಟ್ರು. ನಾನು ಮಾಧ್ಯಮಿಕ ಶಾಲೆಯಲ್ಲಿದ್ದ ಕಾಲಕ್ಕೂ ನಮ್ಮ ಬೀದಿಯ ಅರ್ಧ ಮನೆಗಳ ಕಾಗದಗಳನ್ನು ಅವರೇ ಓದಿ ಹೇಳಬೇಕಾಗಿತ್ತು. ಗಂಡನ ಮನೆಯಿಂದ ಮಗಳು ಯಾರ ಕೈಯಲ್ಲೋ ಬರೆಸಿ ಹಾಕಿದ ಕಾರ್ಡು, ಊರು ಬಿಟ್ಟುಹೋದ ಮಗನ ಇನ್‌ಲ್ಯಾಂಡ್ ಪತ್ರ, ಸಾಲಗಾರನ ನೆನಪೋಲೆ ಎಲ್ಲವೂ ನಮ್ಮ ಜಗಲಿಗೆ ಬರುತ್ತಿದ್ದವು. ಅಪ್ಪ ಮೊದಲು ಮಕ್ಕಳನ್ನು ಒಳಗೆ ಕಳುಹಿಸುತ್ತಿದ್ದರು, ಆಮೇಲೆ ಕನ್ನಡಕ. ಒಮ್ಮೆ ನಾನು ಜಗಲಿಯ ಮೇಲಿದ್ದ ಪಕ್ಕದ ಮನೆಯವರ ಕಾರ್ಡನ್ನು ಗಟ್ಟಿಯಾಗಿ ಓದಲು ತೊಡಗಿದೆ. ಅಪ್ಪ ಕಿತ್ತುಕೊಂಡು ಕೇಳಿದರು: "ವಿಳಾಸ ಯಾರದಯ್ಯ?" ನಾನು, "ಅದು ತೆರೆದೇ ಇತ್ತಲ್ಲಪ್ಪ" ಎಂದೆ. "ಕಾರ್ಡು ತೆರೆದೇ ಇರುತ್ತೆ, ಓದೋನ ಕಣ್ಣು ಮುಚ್ಚಿರಬೇಕು" ಎಂದರು. ಇಡೀ ಬೀದಿಯ ಗುಟ್ಟು ಬಲ್ಲವರ ಮನೆಯಲ್ಲಿ ಊಟದ ಹೊತ್ತಿಗೆ ಯಾರ ಗುಟ್ಟೂ ಎಲೆಯ ಮುಂದೆ ಬಂದದ್ದನ್ನು ನಾನು ಕಾಣೆ.

ಇಂಥವರ ಮಗನಾದ ನಾನು ಮಾಡಿದ್ದೇನು? ಕೆಲವು ವರ್ಷಗಳ ಹಿಂದೆ ನಾನಿದ್ದ ಕಾಲೇಜಿನಲ್ಲಿ ಅಂತಿಮ ಪದವಿ ತರಗತಿಯ ಹುಡುಗಿಯೊಬ್ಬಳು ಮೊಬೈಲನ್ನು ಬೆಂಚಿನ ಮೇಲೆ ಮರೆತುಹೋದಳು. ಅದಕ್ಕೆ ಬೀಗದ ಸಂಖ್ಯೆಯಿರಲಿಲ್ಲ. ಯಾರದೆಂದು ತಿಳಿಯಲು ತೆರೆದ ಅಧ್ಯಾಪಕರು ಹೆಸರು ತಿಳಿದ ಮೇಲೂ ಓದುತ್ತ ಹೋದರು. ಸಹಪಾಠಿಯಾದ ಹುಡುಗನೊಬ್ಬನಿಗೆ ಆಕೆ ಬರೆದಿದ್ದಳು: ಮನೆಯಲ್ಲಿ ಮದುವೆಗೆ ನೋಡುತ್ತಿದ್ದಾರೆ, ತನಗೆ ಎಂ.ಎ. ಓದುವ ಆಸೆ, ಏನು ಮಾಡಲಿ ಎಂದು. ಅಷ್ಟೆ. 'ಶಿಸ್ತಿನ ದೃಷ್ಟಿಯಿಂದ' ತಂದೆಯನ್ನು ಕರೆಸಲಾಯಿತು. ಮೊಬೈಲನ್ನು ಆತನ ಕೈಗೇ ಕೊಡಲಾಯಿತು. ಆ ಸಭೆಯಲ್ಲಿ ನಾನಿದ್ದೆ. ಬಾಯಿ ಬಿಡಲಿಲ್ಲ. ಹುಡುಗಿ ಪರೀಕ್ಷೆಗೆ ಬರಲಿಲ್ಲ. ಅವಳಿಗೆ ಇಪ್ಪತ್ತು ವರ್ಷ. ಮತ ಹಾಕುವ ವಯಸ್ಸು ದಾಟಿ ಎರಡು ವರ್ಷವಾಗಿತ್ತು.

ಈ ಲೇಖನ ಒಂದು ಬಗೆಯಲ್ಲಿ ಅಂದು ಆಡದೆ ಉಳಿದ ಮಾತು. ಅಂದು ಯಾರಾದರೂ ಕಾನೂನಿನ ಪುಸ್ತಕ ತೆರೆದಿದ್ದರೆ ಏನು ಕಾಣುತ್ತಿತ್ತು? 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 43ನೆಯ ಕಲಮು, ಯಂತ್ರದ ಒಡೆಯರ ಅಥವಾ ಅದು ಯಾರ ವಶದಲ್ಲಿದೆಯೋ ಅವರ ಅನುಮತಿಯಿಲ್ಲದೆ ಒಳಹೊಕ್ಕವರು ಪರಿಹಾರ ಕೊಡಬೇಕೆನ್ನುತ್ತದೆ. ಅಪ್ರಾಮಾಣಿಕವಾಗಿಯೋ ಮೋಸದಿಂದಲೋ ಹಾಗೆ ಮಾಡಿದರೆ 66ನೆಯ ಕಲಮಿನಂತೆ ಮೂರು ವರ್ಷಗಳವರೆಗೆ ಸೆರೆ, ಐದು ಲಕ್ಷ ರೂಪಾಯಿಗಳವರೆಗೆ ದಂಡ. 'ಬೀಗ ಹಾಕಿರಲಿಲ್ಲ' ಎಂಬ ಸಮಜಾಯಿಷಿ ಆ ಕಲಮಿನಲ್ಲಿ ಎಲ್ಲಿಯೂ ಇಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 78ನೆಯ ಕಲಮು, ಹೆಂಗಸೊಬ್ಬಳ ಇಂಟರ್‌ನೆಟ್, ಇ-ಮೇಲ್ ಬಳಕೆಯ ಮೇಲೆ ಗಂಡಸು ನಿಗಾ ಇಡುವುದನ್ನು ಹಿಂಬಾಲಿಸಿ ಕಾಡುವ ಅಪರಾಧದಲ್ಲಿ ಸೇರಿಸಿದೆ. ಅಪರಾಧ ತಡೆಯುವಂಥ ಕೆಲವು ವಿನಾಯಿತಿಗಳು ಅಲ್ಲಿವೆ. 'ಗಂಡನಾದವನನ್ನು ಬಿಟ್ಟು' ಎಂಬ ವಿನಾಯಿತಿ ಇಲ್ಲ.

ಸರ್ಕಾರದ ಕಡೆ ನೋಡೋಣ. ಕಳ್ಳನ ಮಾತನ್ನು ಕದ್ದು ಕೇಳುವುದಕ್ಕೂ ಸರ್ಕಾರಕ್ಕೆ ಮನಬಂದಂತೆ ಅಧಿಕಾರವಿಲ್ಲ. 1885ರ ಟೆಲಿಗ್ರಾಫ್ ಕಾಯಿದೆಯೇ ಸಾರ್ವಜನಿಕ ತುರ್ತು ಅಥವಾ ಸಾರ್ವಜನಿಕ ಸುರಕ್ಷತೆಯ ಕಾರಣ ಬೇಕೆಂದಿತ್ತು. 1996ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಇನ್ನಷ್ಟು ಬಿಗಿ ಮಾಡಿತು: ಗೃಹ ಕಾರ್ಯದರ್ಶಿಯ ಆದೇಶ ಬೇಕು, ಅದರ ಆಯುಸ್ಸು ಎರಡು ತಿಂಗಳು, ಮುಂದುವರಿಸಿದರೂ ಒಟ್ಟು ಆರು ತಿಂಗಳು ಮೀರಬಾರದು, ಪರಿಶೀಲಿಸಲು ಒಂದು ಸಮಿತಿ. ದೂರವಾಣಿ ಕದ್ದಾಲಿಕೆಯ ಆರೋಪದಿಂದಾಗಿ 1988ರ ಆಗಸ್ಟಿನಲ್ಲಿ ನಮ್ಮ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಪದವಿಗೆ ರಾಜೀನಾಮೆ ಕೊಟ್ಟದ್ದು ಹಿರಿಯ ವಾಚಕರಿಗೆ ನೆನಪಿರಬಹುದು. ಟೆಲಿಗ್ರಾಫ್ ಕಾಯಿದೆಯ ಸ್ಥಾನಕ್ಕೆ ತಂದ 2023ರ ದೂರಸಂಪರ್ಕ ಕಾಯಿದೆ, 2024ರ ಜೂನ್‌ನಲ್ಲಿ ಜಾರಿಗೆ ಬಂದ ಹೊಸ ಅಂಚೆ ಕಾಯಿದೆ ಎರಡರಲ್ಲಿಯೂ ತಡೆದು ನೋಡುವ ಅಧಿಕಾರ ಉಳಿದಿದೆ. ಅದರ ಮೇಲೆ ಕಣ್ಣಿಡುವುದು ಪ್ರಜೆಗಳ ಕರ್ತವ್ಯ. ಆದರೆ ಆ ಅಧಿಕಾರವನ್ನು ಟೀಕಿಸಿ ವೇದಿಕೆಯ ಮೇಲೆ ಭಾಷಣ ಮಾಡಿದ ಮಹನೀಯರೇ ಮನೆಗೆ ಬಂದು ಮಗಳ ಮೊಬೈಲು ಕೇಳುತ್ತಾರೆ. ಸರ್ಕಾರದ ಗೃಹ ಕಾರ್ಯದರ್ಶಿಗೆ ಕಾರಣ ಬೇಕು, ಅವಧಿ ಬೇಕು, ಸಮಿತಿ ಬೇಕು. ನಮ್ಮ ಗೃಹಗಳ ಕಾರ್ಯದರ್ಶಿಗಳಿಗೆ ಇದಾವುದೂ ಬೇಡ!

ಇಲ್ಲಿ ಎರಡು ಆಕ್ಷೇಪಣೆಗಳು ತಪ್ಪದೆ ಬರುತ್ತವೆ. ಮೊದಲನೆಯದು, "ಇದೆಲ್ಲ ಪಶ್ಚಿಮದವರ ಕಲ್ಪನೆ, ಕನ್ನಡದಲ್ಲಿ ಅದಕ್ಕೊಂದು ಪದವೇ ಇಲ್ಲ, 'ಖಾಸಗಿ' ಎಂಬುದನ್ನೂ ಕಡ ತಂದಿದ್ದೇವೆ." ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವನಾಗಿ ಇದಕ್ಕೆ ಉತ್ತರಿಸುವುದು ನನ್ನ ಹೊಣೆ. 'ಖಾಸಗಿ' ಕಡ ತಂದದ್ದೇ. ಹಾಗಾದರೆ ಗುಟ್ಟು, ಮರೆ, ಏಕಾಂತ, ಅಂತರಂಗ ಇವು ಎಲ್ಲಿಂದ ಬಂದವು? ಪದ ಬಿಡಿ, ಆಚಾರ ನೋಡಿ. ನಮ್ಮ ಹಳೆಯ ತೊಟ್ಟಿಯ ಮನೆಗಳಲ್ಲಿ ಕೋಣೆಗೊಂದು ಬೀಗವಿರಲಿಲ್ಲ ನಿಜ. ಆದರೆ ಹಿರಿಯರಾದವರು ನಡುಮನೆಗೆ ಕಾಲಿಡುವ ಮೊದಲು ಒಮ್ಮೆ ಕೆಮ್ಮುತ್ತಿದ್ದರು. ಆ ಕೆಮ್ಮಿಗೆ ಗಂಟಲ ರೋಗ ಕಾರಣವಲ್ಲ. ಒಳಗಿರುವವರಿಗೆ ಸಾವರಿಸಿಕೊಳ್ಳಲು ಕೊಟ್ಟ ಅವಕಾಶ ಅದು. ಬೀಗವಿಲ್ಲದ ಮನೆಯಲ್ಲಿ ಇದ್ದ ಈ ಮರ್ಯಾದೆ ಬೀಗವಿರುವ ಮೊಬೈಲಿನ ಕಾಲದಲ್ಲಿ ಏಕಿರಬಾರದು?

ಎರಡನೆಯದು, "ತಪ್ಪು ಮಾಡದವರಿಗೆ ಮುಚ್ಚಿಡುವಂಥದ್ದೇನಿದೆ?" ಈ ಪ್ರಶ್ನೆ ಕೇಳುವವರು ತಮ್ಮ ಮೊಬೈಲನ್ನು ಹೆಂಡತಿಯ ಕೈಗೆ ಕೊಟ್ಟು ಒಂದು ದಿನ ಪರಸ್ಥಳಕ್ಕೆ ಹೋಗಿಬರಲಿ, ಆಮೇಲೆ ಚರ್ಚಿಸೋಣ. ಮರೆಯಿರುವುದು ತಪ್ಪಿಗೆ ಮಾತ್ರವಲ್ಲ. ದುಃಖಕ್ಕೆ, ರೋಗಕ್ಕೆ, ಸಾಲಕ್ಕೆ, ಇನ್ನೂ ಗಟ್ಟಿಯಾಗದ ಆಸೆಗೆ ಮರೆ ಬೇಕು. ಎಂ.ಎ. ಓದಬೇಕೆಂಬ ಆಸೆ ತಪ್ಪೆ? ಆ ಹುಡುಗಿಗೆ ಅದನ್ನೂ ಮುಚ್ಚಿಡಬೇಕಾಗಿತ್ತು.

ಈ ಪ್ರಶ್ನೆಗೆ ದೇಶದ ಮಟ್ಟದಲ್ಲಿ ಉತ್ತರ ತಂದವರು ನಮ್ಮವರೇ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. 1954ರ ಎಂಟು ನ್ಯಾಯಮೂರ್ತಿಗಳ ತೀರ್ಪು, 1962ರ ಆರು ನ್ಯಾಯಮೂರ್ತಿಗಳ ತೀರ್ಪು ಎರಡೂ ಇಂಥ ಮೂಲಭೂತ ಹಕ್ಕಿಲ್ಲವೆಂಬ ವಾದಕ್ಕೆ ಆಸರೆಯಾಗಿದ್ದವು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನ ಸಂವಿಧಾನ ಕೊಟ್ಟ ಮೂಲಭೂತ ಹಕ್ಕು ಎಂದು ಸಾರಿದರು. 2024ರಲ್ಲಿ ಪುಟ್ಟಸ್ವಾಮಿಯವರು ತೀರಿಕೊಂಡರು. ಅವರ ಹೆಸರಿನ ತೀರ್ಪನ್ನು ದೇಶದ ಕಾನೂನು ವಿದ್ಯಾರ್ಥಿಗಳೆಲ್ಲ ಓದುತ್ತಾರೆ. ಅವರ ನಾಡಿನ ಕಾಲೇಜಿನಲ್ಲಿ ನಾವು ಹುಡುಗಿಯ ಮೊಬೈಲು ಓದುತ್ತೇವೆ.

ಮದುವೆ ಈ ಹಕ್ಕನ್ನು ನುಂಗುವುದಿಲ್ಲವೆಂದೂ ನಮ್ಮ ಉಚ್ಚ ನ್ಯಾಯಾಲಯ ಹೇಳಿದೆ. ಹೆಂಡತಿಯ ಸಂಬಂಧವನ್ನು ರುಜುವಾತುಪಡಿಸಲು ಮೂರನೆಯ ವ್ಯಕ್ತಿಯ ಮೊಬೈಲ್ ಗೋಪುರದ ವಿವರಗಳನ್ನು ಗಂಡ ತರಿಸುವಂತಿಲ್ಲವೆಂದು 2022ರಲ್ಲಿ ಹೇಳಿತು. 2023ರಲ್ಲಿ ಧಾರವಾಡ ಪೀಠ, ವಿವಾಹ ಸಂಬಂಧದಿಂದ ವ್ಯಕ್ತಿಯ ಖಾಸಗಿತನದ ಹಕ್ಕು ಮರೆಯಾಗುವುದಿಲ್ಲ ಎಂದಿತು. ಆ ಪ್ರಕರಣದಲ್ಲಿ ಗಂಡನ ವಿಳಾಸ ಹುಡುಕುತ್ತಿದ್ದವಳು ಜೀವನಾಂಶ ಬರಬೇಕಾದ ಹೆಂಡತಿ. ಆಕೆಯ ಕಷ್ಟ ನಿಜವೇ. ಹಕ್ಕೆಂಬುದು ನಮಗೆ ಇಷ್ಟವಿಲ್ಲದವನ ಪಾಲಿಗೂ ಹಕ್ಕೇ ಎಂಬುದನ್ನು ತೋರಿಸಲು ಈ ಕಹಿ ಉದಾಹರಣೆಯನ್ನು ಕೊಟ್ಟೆ.

ಇನ್ನು ಬಂದ ಸಂದೇಶವನ್ನು ಚಿತ್ರ ತೆಗೆದು ಊರಿಗೆಲ್ಲ ಹಂಚುವ ಚಾಳಿ. 1741ರಲ್ಲಿಯೇ ಇಂಗ್ಲೆಂಡಿನಲ್ಲಿ, ಕವಿ ಅಲೆಕ್ಸಾಂಡರ್ ಪೋಪ್ ತನ್ನ ಪತ್ರಗಳನ್ನು ಅಪ್ಪಣೆಯಿಲ್ಲದೆ ಅಚ್ಚು ಹಾಕಿದ ಪುಸ್ತಕ ವ್ಯಾಪಾರಿಯ ಮೇಲೆ ದಾವೆ ಹೂಡಿದಾಗ ನ್ಯಾಯಾಲಯ ಒಂದು ವಿವೇಕದ ಮಾತು ಹೇಳಿತು: ಕಾಗದ ಪಡೆದವನದು, ಅದನ್ನು ಪ್ರಕಟಿಸುವ ಹಕ್ಕು ಬರೆದವನದು. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿಯೂ ಪತ್ರದ ಬರಹದ ಸ್ವಾಮ್ಯ ಬರೆದವನದೇ. ಅವನು ತೀರಿಹೋದ ಮೇಲೂ ಅರವತ್ತು ವರ್ಷ ಉಳಿಯುತ್ತದೆ. ನಾಲ್ಕು ಪದದ ವಾಟ್ಸಾಪ್ ಸಂದೇಶಕ್ಕೆ ಈ ಕಾಯಿದೆಯನ್ನು ಎಳೆದು ತರುವುದು ಕಷ್ಟ. ಆದರೆ ಅದರೊಳಗಿನ ವಿವೇಕಕ್ಕೆ ಪದಗಳ ಲೆಕ್ಕವಿಲ್ಲ. ನನ್ನನ್ನು ನಂಬಿ ಬರೆದದ್ದು ನನಗೆ ಬಂತು, ನನ್ನದಾಗಲಿಲ್ಲ.

ಚಿಕ್ಕ ಮಕ್ಕಳ ತಂದೆತಾಯಿಗಳು ನನ್ನ ಮೇಲೆ ಸಿಟ್ಟಾಗಬೇಕಿಲ್ಲ. ಹನ್ನೆರಡರ ಮಗು ಯಾರೊಡನೆ ಮಾತಾಡುತ್ತದೆಂದು ನೋಡುವುದು ಅವರ ಕರ್ತವ್ಯವೇ; ಮಗುವಿಗೆ ಹೇಳಿ ನೋಡಲಿ, ಕದ್ದಲ್ಲ. ಆದರೆ ಹದಿನೆಂಟು ದಾಟಿದವರನ್ನು ಮಕ್ಕಳೆಂದು ಕರೆಯುವುದು ಪ್ರೀತಿಗೆ ಸಲ್ಲುತ್ತದೆ, ತನಿಖೆಗೆ ಸಲ್ಲದು.

ನನ್ನ ಬೇಡಿಕೆ ದೊಡ್ಡದೇನಲ್ಲ. ಸಿಕ್ಕಿದ ಮೊಬೈಲನ್ನು ಯಾರೂ ತೆರೆಯದೆ ಕಚೇರಿಗೆ ಕೊಡಬೇಕು, ಕಚೇರಿ ಅದರ ಒಡೆಯರಿಗೇ ಕೊಡಬೇಕು ಎಂಬ ಒಂದು ಸಾಲಿನ ನಿಯಮ ಪ್ರತಿ ಕಾಲೇಜಿನ ಕೈಪಿಡಿಯಲ್ಲಿ ಬರಲಿ. ನಾನು ಈಗಿರುವ ಕಾಲೇಜಿನಲ್ಲಿ ಹೀಗೆ ಬರೆದು ಕೊಟ್ಟಿದ್ದೇನೆ. 'ಪರಿಶೀಲನೆಯಲ್ಲಿದೆ' ಎಂಬ ಉತ್ತರ ಬಂದಿದೆ. ಮನೆಗಳಿಗೆ ಕೈಪಿಡಿಯಿಲ್ಲ. ಅಲ್ಲಿಗೆ ನನ್ನ ತಂದೆಯ ಪ್ರಶ್ನೆಯೇ ಸಾಕು. ಕೈಗೆ ಸಿಕ್ಕ ಕಾರ್ಡನ್ನು ಮಗುಚಿ ವಿಳಾಸ ನೋಡಿ. ನಿಮ್ಮ ಹೆಸರಿದ್ದರೆ ಓದಿ. ಇಲ್ಲದಿದ್ದರೆ ಯಾರ ಹೆಸರಿದೆಯೋ ಅವರಿಗೆ ಕೊಟ್ಟು ಬನ್ನಿ.