ಹಾಸಿಗೆ ಗಿಡ್ಡವಾದದ್ದು ಯಾರಿಂದ?

ನಲವತ್ತು ದಾಟಿದವರ ಮೊಬೈಲುಗಳಲ್ಲಿ ಒಂದು ಪಟ್ಟಿ ಓಡಾಡುತ್ತಿರುತ್ತದೆ. ಮೂವತ್ತಕ್ಕೆ ಒಂದು ವರ್ಷದ ಸಂಬಳದಷ್ಟು ಉಳಿಸಿರಬೇಕು, ನಲವತ್ತಕ್ಕೆ ಮೂರು ವರ್ಷದ್ದು, ಐವತ್ತಕ್ಕೆ ಆರು ವರ್ಷದ್ದು, ಅರವತ್ತೇಳಕ್ಕೆ ಹತ್ತು ವರ್ಷದ್ದು. ಅಷ್ಟಿದ್ದರೆ ನಿಮ್ಮ ನಿವೃತ್ತಿಯ ಉಳಿತಾಯ ಸರಿದಾರಿಯಲ್ಲಿದೆ, ಇಲ್ಲದಿದ್ದರೆ ನೀವು ಹಿಂದೆ ಬಿದ್ದಿದ್ದೀರಿ. ಪಟ್ಟಿಯ ಕೆಳಗೊಂದು ಉಪದೇಶವೂ ಇರುತ್ತದೆ: ಹೋಟೆಲ್ ಊಟ ಕಡಿಮೆ ಮಾಡಿ, ಹೊಸ ಫೋನ್ ಮುಂದೂಡಿ, ಎಸ್‌ಐಪಿ ಹೆಚ್ಚಿಸಿ. ನಮ್ಮ ಹಿರಿಯರು ಇದನ್ನೇ ಚಿಕ್ಕದಾಗಿ ಹೇಳಿದ್ದರು, ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು. ಕಾಲಿನ ಬಗ್ಗೆ ಇಷ್ಟೆಲ್ಲ ಮಾತಾಡುವವರು ಹಾಸಿಗೆಯನ್ನು ಯಾರು, ಎಷ್ಟಕ್ಕೆ ಕತ್ತರಿಸಿದರು ಎಂದು ಒಮ್ಮೆಯೂ ಕೇಳುವುದಿಲ್ಲ. ನನ್ನ ತಕರಾರು ಇರುವುದು ಅಲ್ಲಿ.

ಮೊದಲು ಪಟ್ಟಿಯ ಮೂಲ ನೋಡೋಣ. ಈ ಲೆಕ್ಕವನ್ನು ಜನಪ್ರಿಯಗೊಳಿಸಿದ್ದು ಫಿಡೆಲಿಟಿ ಎಂಬ ಅಮೆರಿಕದ ಹೂಡಿಕೆ ಕಂಪನಿ. ಅಲ್ಲಿ ದುಡಿದವರಿಗೆ 1935ರ ಕಾಯ್ದೆಯಿಂದ ಬಂದ ಸೋಷಿಯಲ್ ಸೆಕ್ಯುರಿಟಿ ಪಿಂಚಣಿ ಇದೆ. 1975ರಿಂದ ಅದು ಬೆಲೆ ಏರಿದಂತೆ ತಾನಾಗಿಯೇ ಏರುತ್ತದೆ, ಬದುಕಿರುವವರೆಗೆ ಬರುತ್ತದೆ. ಹತ್ತು ವರ್ಷದ ಸಂಬಳ ಸಾಕು ಎನ್ನುವ ಮಾತು ಆ ಪಿಂಚಣಿ ಕೈಗೆ ಬರುತ್ತದೆ ಎಂಬ ನಂಬಿಕೆಯ ಮೇಲೆ ನಿಂತಿದೆ. ಅಂದರೆ ಅದು ಮೇಲಂತಸ್ತಿನ ಅಳತೆ, ಕೆಳಗೊಂದು ನೆಲಮಹಡಿ ಇದೆ ಎಂದುಕೊಂಡು ಬರೆದದ್ದು. ಪಟ್ಟಿ ಇಲ್ಲಿಗೆ ಬಂದಾಗ ಮೇಲಂತಸ್ತು ಮಾತ್ರ ಬಂತು. ನೆಲಮಹಡಿ ಅಲ್ಲೇ ಉಳಿಯಿತು.

ನಮ್ಮ ನೆಲಮಹಡಿ ಹೇಗಿದೆ? ನಾನು ಬಾಡಿಗೆಗಿರುವುದು ಪುಟ್ಟೇನಹಳ್ಳಿಯಲ್ಲಿ. ಜೆ.ಪಿ. ನಗರದ್ದಲ್ಲ, ಯಲಹಂಕದ್ದು, ಹಕ್ಕಿಗಳ ಕೆರೆ ಇರುವುದು. ಸಮೀಪದಲ್ಲೇ ರೈಲು ಗಾಲಿ ಕಾರ್ಖಾನೆಯಿದೆ. ಅಲ್ಲಿ 2004ರ ಜನವರಿ 1ಕ್ಕೆ ಮೊದಲು ಸೇರಿದವರಿಗೆ ಕೊನೆಯ ಮೂಲವೇತನದ ಅರ್ಧದಷ್ಟು ಪಿಂಚಣಿ, ಅದರ ಮೇಲೆ ತುಟ್ಟಿಭತ್ಯೆ. ಆ ದಿನ ಅಥವಾ ಅನಂತರ ಸೇರಿದವರು ಮಾರುಕಟ್ಟೆಗೆ ಕಟ್ಟಿದ ಎನ್‌ಪಿಎಸ್‌ಗೆ ಹೋದರು. ನಮ್ಮ ರಾಜ್ಯ ಸರ್ಕಾರಿ ನೌಕರರಿಗೆ ಇದೇ ಗೆರೆ ಬಿದ್ದದ್ದು 2006ರ ಏಪ್ರಿಲ್ 1ರಂದು. ಒಂದೇ ಶಾಲೆಯ, ಒಂದೇ ಪಾಠ ಮಾಡುವ ಇಬ್ಬರು ಮೇಷ್ಟ್ರುಗಳಲ್ಲಿ ಮಾರ್ಚ್‌ನಲ್ಲಿ ಸೇರಿದವರ ಮುಪ್ಪು ಒಂದು ಬಗೆ, ಏಪ್ರಿಲ್‌ನಲ್ಲಿ ಸೇರಿದವರದು ಇನ್ನೊಂದು ಬಗೆ. ಈ ವ್ಯತ್ಯಾಸಕ್ಕೂ ಯಾರು ಎಷ್ಟು ಹೋಟೆಲ್ ಊಟ ಮಾಡಿದರು ಎಂಬುದಕ್ಕೂ ಏನು ಸಂಬಂಧ? ಕೇಂದ್ರ ಸರ್ಕಾರ 2025ರ ಏಪ್ರಿಲ್‌ನಿಂದ ತನ್ನ ನೌಕರರಿಗೆ ಮತ್ತೆ ಖಾತ್ರಿ ಪಿಂಚಣಿಯ ಆಯ್ಕೆಯೊಂದನ್ನು ಕೊಟ್ಟಿದೆ. ಬರಿಯ ವೈಯಕ್ತಿಕ ಶಿಸ್ತಿನಿಂದ ಮುಪ್ಪು ಸಾಗುವುದಿಲ್ಲ ಎಂದು ಸರ್ಕಾರವೇ ಒಪ್ಪಿಕೊಂಡಂತಾಯಿತು.

ಖಾಸಗಿ ಕೆಲಸದವರಿಗೆ ಪಿಎಫ್ ಜೊತೆಗೆ 1995ರ ನೌಕರರ ಪಿಂಚಣಿ ಯೋಜನೆ ಇದೆ. ಅದರ ಸೂತ್ರ ಸರಳ: ಪಿಂಚಣಿಗೆ ಲೆಕ್ಕ ಹಿಡಿಯುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ಆ ಸಂಬಳಕ್ಕೆ ಮಿತಿ 15,000 ರೂಪಾಯಿ, 2014ರ ಸೆಪ್ಟೆಂಬರ್‌ನಲ್ಲಿ ಹಾಕಿದ್ದು. ಹೆಚ್ಚಿನ ಪಿಂಚಣಿಯ ಆಯ್ಕೆ ಸಿಕ್ಕ ಕೆಲವರನ್ನು ಬಿಟ್ಟರೆ, ತಿಂಗಳಿಗೆ ಒಂದು ಲಕ್ಷ ಎಣಿಸುವವರೂ ಈ ಮಿತಿಯೊಳಗೇ. ಮೂವತ್ತು ವರ್ಷ ದುಡಿದು, ನಿಯಮದಂತೆ ಎರಡು ವರ್ಷದ ಬೋನಸ್ ಸೇರಿಸಿಕೊಂಡರೂ ತಿಂಗಳ ಪಿಂಚಣಿ 7,000 ಮುಟ್ಟುವುದಿಲ್ಲ. ಬೆಲೆ ಏರಿದರೂ ಅದು ಏರುವುದಿಲ್ಲ. ಕನಿಷ್ಠ ಪಿಂಚಣಿ 1,000 ರೂಪಾಯಿ ಎಂದು 2014ರಲ್ಲೇ ಗೊತ್ತುಪಡಿಸಿದ್ದು ಒಂದು ದಶಕ ಕಳೆದರೂ ಕದಲಿಲ್ಲ. ಇದೂ ಇಲ್ಲದ ಬಡವರಿಗೆ ರಾಜ್ಯದ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ತಿಂಗಳಿಗೆ 1,200, ದಿನಕ್ಕೆ ನಲವತ್ತು ರೂಪಾಯಿ.

ಈ ಹಾಸಿಗೆಯ ಅಳತೆಯನ್ನು ನಮ್ಮೆಲ್ಲರಿಗಿಂತ ಮೊದಲು ಬಹಿರಂಗವಾಗಿ ಪ್ರಶ್ನಿಸಿದವರು ಬಟ್ಟೆ ಹೊಲಿಯುವ ಹೆಣ್ಣುಮಕ್ಕಳು. 2016ರ ಫೆಬ್ರವರಿ 10ರಂದು ಕೇಂದ್ರ ಸರ್ಕಾರ ಪಿಎಫ್ ನಿಯಮ ಬದಲಿಸಿತು. ಕೆಲಸ ಬಿಟ್ಟರೂ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದಿತು. ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಮಿಕರು ಬೀದಿಗಿಳಿದರು. ಹೊಸೂರು ರಸ್ತೆ, ಬೊಮ್ಮನಹಳ್ಳಿ, ಪೀಣ್ಯ, ಜಾಲಹಳ್ಳಿ ಕಡೆ ಸಂಚಾರ ನಿಂತಿತು. ಕರೆ ಕೊಟ್ಟ ದೊಡ್ಡ ನಾಯಕರಿರಲಿಲ್ಲ. ಹೆಚ್ಚಿನವರು ಹೆಂಗಸರು. ಕಲ್ಲು ತೂರಾಟ ನಡೆಯಿತು, ವಾಹನಗಳಿಗೆ ಬೆಂಕಿ ಬಿತ್ತು, ಪೊಲೀಸರು ಲಾಠಿ ಬೀಸಿದರು, ಅಶ್ರುವಾಯು ಸಿಡಿಸಿದರು. 19ರ ಸಂಜೆಯ ಹೊತ್ತಿಗೆ ಸರ್ಕಾರ ನಿಯಮವನ್ನು ಹಿಂದಕ್ಕೆ ಪಡೆಯಿತು.

ಅವರಿಗೆ ದೂರದೃಷ್ಟಿ ಇಲ್ಲ, ಮುಪ್ಪಿಗೆ ಇಟ್ಟ ದುಡ್ಡನ್ನು ಈಗಲೇ ತಿನ್ನಲು ಹೊರಟಿದ್ದಾರೆ ಎಂದು ಆಗ ಹೇಳಿದವರಿದ್ದರು, ಈಗಲೂ ಇದ್ದಾರೆ. ಆ ವಾದದಲ್ಲಿ ಒಂದು ನಿಜವಿದೆ: ತೆಗೆದ ದುಡ್ಡು ಮುಪ್ಪಿಗೆ ಉಳಿಯುವುದಿಲ್ಲ. ಆದರೆ ಗಂಟೆಗಿಷ್ಟು ಪೀಸು ಎಂದು ಮಷೀನಿನ ಮುಂದೆ ಬಾಗಿ ಕೂರುವ ಕೆಲಸವನ್ನು 58ರವರೆಗೆ ಎಷ್ಟು ಜನ ಮಾಡಬಲ್ಲರು? ನಲವತ್ತರ ಆಸುಪಾಸಿಗೆ ಬೆನ್ನು, ಮಂಡಿ, ಕಣ್ಣು ಸೋಲುತ್ತವೆ. ಹೆರಿಗೆಗೆ ಬಿಟ್ಟು, ಮತ್ತೆ ಸೇರಿ, ಫ್ಯಾಕ್ಟರಿ ಮುಚ್ಚಿದಾಗ ಇನ್ನೊಂದಕ್ಕೆ ಹೋಗಿ ದುಡಿದವರಿಗೆ ಪಿಂಚಣಿಗೆ ಬೇಕಾದ ಹತ್ತು ವರ್ಷದ ಸೇವೆ ದಾಖಲೆಯಲ್ಲಿ ಕೂಡಿಬರುವುದೂ ಕಷ್ಟ. ಕೆಲಸ ಹೋದಾಗ ಬದುಕು ಸಾಗಿಸುವಂಥ ನಿರುದ್ಯೋಗ ಭತ್ಯೆ ಇಲ್ಲ, ಮಗಳ ಫೀಸಿಗೆ, ಗಂಡನ ಆಸ್ಪತ್ರೆಗೆ ಬೇರೆ ಗಂಟಿಲ್ಲ. ಅವರ ಮಟ್ಟಿಗೆ ನಿವೃತ್ತಿ ನಲವತ್ತಕ್ಕೇ ಬರುತ್ತದೆ. ನಡುವಯಸ್ಸಿನ ಲೆಕ್ಕ ಅವರಿಗೆ ದೆಹಲಿಗಿಂತ ಚೆನ್ನಾಗಿ ಗೊತ್ತಿತ್ತು. 2025ರ ಅಕ್ಟೋಬರ್‌ನಲ್ಲಿ ಪಿಎಫ್ ಮಂಡಳಿ ಮತ್ತೆ ಅದೇ ದಾರಿ ಹಿಡಿಯಿತು. ಕಾಲು ಭಾಗ ಖಾತೆಯಲ್ಲೇ ಉಳಿಯಬೇಕು, ಪೂರ್ತಿ ತೆಗೆಯಲು ಎರಡು ತಿಂಗಳಲ್ಲ, ಹನ್ನೆರಡು ತಿಂಗಳು ಕೆಲಸವಿಲ್ಲದೆ ಇರಬೇಕು ಎಂದು ತೀರ್ಮಾನಿಸಿತು. ಆ ಹನ್ನೆರಡು ತಿಂಗಳು ಒಲೆ ಹೇಗೆ ಹೊತ್ತಬೇಕು ಎಂಬುದಕ್ಕೆ ಉತ್ತರ ಮಾತ್ರ ಹಳೆಯದೇ.

ಸಾಹಿತ್ಯ ಓದುವವರಿಗೆ ಈ ಲೆಕ್ಕವೇಕೆ ಎಂದು ಕೇಳಬೇಡಿ. ಓದಿದವರ ಹಾಸಿಗೆಯೇನೂ ಉದ್ದವಿಲ್ಲ. ಯುಜಿಸಿಯ ಜೆಆರ್‌ಎಫ್ ಪಡೆದ ಸಂಶೋಧಕರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ಬರುತ್ತದೆ. ಅದು ಫೆಲೋಶಿಪ್, ಸಂಬಳವಲ್ಲ. ಆದ್ದರಿಂದ ಪಿಎಫ್ ಇಲ್ಲ, ಸೇವೆಯ ಲೆಕ್ಕವಿಲ್ಲ. ಫೆಲೋಶಿಪ್ಪೇ ಇಲ್ಲದವರ ಮಾತು ಇನ್ನೂ ದೂರ. ಪಟ್ಟಿಯ ಪ್ರಕಾರ ಮೂವತ್ತಕ್ಕೆ ಒಂದು ವರ್ಷದ ಸಂಬಳ ಕೂಡಿರಬೇಕಾದ ಹೊತ್ತಿಗೆ ನಮ್ಮಲ್ಲಿ ಹಲವರು ಮೊದಲ ಸಂಬಳವನ್ನೇ ಕಂಡಿರುವುದಿಲ್ಲ. ಮುಂದೆ ಕಾಣುವ ಬಾಗಿಲು ಹೆಚ್ಚಾಗಿ ಅತಿಥಿ ಉಪನ್ಯಾಸಕರದು. 2023ರ ಕೊನೆಯಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರು ಕಾಯಮಾತಿಗಾಗಿ ತರಗತಿ ಬಿಟ್ಟು ಧರಣಿ ಕೂತರು. ಕಾಯಮಾತಿ ಸಿಗಲಿಲ್ಲ. ಗೌರವಧನದ ಹೆಚ್ಚಳ, ಆರೋಗ್ಯ ವಿಮೆ, ಅರವತ್ತು ತುಂಬಿ ಹೊರಬೀಳುವವರಿಗೆ ಹೆಚ್ಚೆಂದರೆ 5 ಲಕ್ಷದ ಇಡಿಗಂಟು ಘೋಷಣೆಯಾಯಿತು. ಆ ಐದು ಲಕ್ಷಕ್ಕೆ ಶೇಕಡಾ 7ರ ಬಡ್ಡಿ ಬಂದರೆ ತಿಂಗಳಿಗೆ ಸುಮಾರು 2,900 ರೂಪಾಯಿ. ಒಂದು ತಲೆಮಾರಿಗೆ ಪದವಿ ಪಾಠ ಹೇಳಿದವರಿಗೆ ಸಿಗುವ ಮುಪ್ಪಿನ ಸಂಭಾವನೆ ಇದು.

ಹಾಗಾದರೆ ನಲವತ್ತರಲ್ಲಿ ನಿಂತು ನಮ್ಮ ಸ್ಥಿತಿಯನ್ನು ಅಳೆಯುವುದು ಹೇಗೆ? ಪಟ್ಟಿ ಬಿಟ್ಟು ಮೂರು ಪ್ರಶ್ನೆ ಕೇಳಿಕೊಳ್ಳಿ. ಮುಪ್ಪಿನಲ್ಲಿ ತಿಂಗಳಿಗೆ ಎಷ್ಟು ಬರುತ್ತದೆ? ಬೆಲೆ ಏರಿದಂತೆ ಅದೂ ಏರುತ್ತದೆಯೇ? ಅದಕ್ಕೆ ಜಾಮೀನು ನಿಂತವರು ಯಾರು?

ಒಂದು ಲೆಕ್ಕ ಹಾಕೋಣ. ನಲವತ್ತು ವರ್ಷದ ಒಬ್ಬಾಕೆಗೆ ತಿಂಗಳಿಗೆ 40,000 ಬರುತ್ತದೆ, 30,000 ಖರ್ಚಾಗುತ್ತದೆ ಎನ್ನಿ. ಬೆಲೆ ವರ್ಷಕ್ಕೆ ಶೇಕಡಾ 6ರಂತೆ ಏರಿದರೆ ಇದೇ ಬದುಕಿಗೆ ಅರವತ್ತರಲ್ಲಿ ಸುಮಾರು 96,000 ಬೇಕು. ಎಂಬತ್ತೈದರವರೆಗೆ ಬದುಕಿದರೆ, ಆಮೇಲಿನ ಬಡ್ಡಿಯೆಲ್ಲ ಬೆಲೆಯೇರಿಕೆಗೆ ಸರಿಹೋಗುತ್ತದೆ ಎಂದುಕೊಂಡರೂ, ಬೇಕಾದ ಗಂಟು 2 ಕೋಟಿ 88 ಲಕ್ಷ. ಆಕೆ ಉಳಿಯುವ ಹತ್ತು ಸಾವಿರವನ್ನೂ ಒಂದು ತಿಂಗಳೂ ತಪ್ಪದೆ ಕಟ್ಟಿ, ವರ್ಷ ವರ್ಷ ಶೇಕಡಾ 6ರಷ್ಟು ಹೆಚ್ಚಿಸುತ್ತ ಹೋಗಿ, ಪಿಎಫ್‌ನ ಈಚಿನ ದರವಾದ ಶೇಕಡಾ 8.25ರ ಬಡ್ಡಿಯನ್ನೇ ಪಡೆದರೂ ಇಪ್ಪತ್ತು ವರ್ಷಕ್ಕೆ ಕೂಡುವುದು ತೊಂಬತ್ತು ಲಕ್ಷದ ಆಸುಪಾಸು. ಬೇಕಾದದ್ದರ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಸಂಬಳದ ಕಾಲು ಭಾಗ ಉಳಿಸುವವಳನ್ನು ಯಾರೂ ದುಂದುಗಾತಿ ಎನ್ನಲಾರರು. ಆದರೂ ಪಟ್ಟಿ ಆಕೆಗೆ ಹೇಳುವುದು ಒಂದೇ ಮಾತು, ನೀನು ಹಿಂದೆ ಬಿದ್ದಿದ್ದೀಯ.

ಷೇರುಪೇಟೆಗೆ ಹಾಕಿ ಎನ್ನುವುದು ಸಿದ್ಧ ಉತ್ತರ. ಅಲ್ಲಿ ಹೆಚ್ಚು ಬರಬಹುದು, ಅರವತ್ತು ತುಂಬುವ ವರ್ಷವೇ ಕುಸಿಯಲೂಬಹುದು. ಮೂರನೇ ಪ್ರಶ್ನೆ ಅಲ್ಲಿ ಉತ್ತರವಿಲ್ಲದೆ ಉಳಿಯುತ್ತದೆ. ಅಪಾಯವೇ ಬೇಡ ಎಂದು ಠೇವಣಿ ಇಟ್ಟವರ ಕಥೆಯೂ ಬೆಂಗಳೂರಿಗೆ ಗೊತ್ತು. 2020ರ ಜನವರಿಯಲ್ಲಿ ಬಸವನಗುಡಿಯ ಗುರು ರಾಘವೇಂದ್ರ ಸಹಕಾರ ಬ್ಯಾಂಕಿಗೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ ಠೇವಣಿದಾರರು ತೆಗೆಯಬಹುದಾಗಿದ್ದು 35,000 ರೂಪಾಯಿ ಮಾತ್ರ. ಅವರಲ್ಲಿ ಅನೇಕರು ನಿವೃತ್ತಿಯ ಇಡಿಗಂಟನ್ನೇ ಅಲ್ಲಿಟ್ಟಿದ್ದ ಹಿರಿಯರು. ಯಾವ ಪಟ್ಟಿಯಿಂದ ಅಳೆದರೂ ಸರಿದಾರಿಯಲ್ಲಿ ಇದ್ದವರೇ. ಠೇವಣಿ ವಿಮೆಯ ಮಿತಿ 1 ಲಕ್ಷದಿಂದ 5 ಲಕ್ಷಕ್ಕೆ ಏರಿದ್ದು ಅದರ ಮರುತಿಂಗಳು.

ಹಾಗೆಂದು ಉಳಿಸುವುದೇ ಬೇಡ ಎಂದು ನಾನು ಹೇಳುತ್ತಿಲ್ಲ. ಉಳಿಸಿ. ಕೆಲಸ ಬದಲಿಸಿದಾಗ ಪಿಎಫ್ ಖಾತೆಯನ್ನು ಹೊಸ ಕಡೆಗೆ ವರ್ಗಾಯಿಸಿ, ಹತ್ತು ವರ್ಷ ತುಂಬುವ ಮೊದಲು ಪಿಂಚಣಿ ಪಾಲನ್ನು ತೆಗೆಯದೆ ಸ್ಕೀಮ್ ಸರ್ಟಿಫಿಕೇಟ್ ಪಡೆಯಿರಿ, ನಾಮಿನಿ ಹೆಸರು ನೋಡಿಕೊಳ್ಳಿ. ಇವು ಒಬ್ಬೊಬ್ಬರೂ ಮಾಡಿಕೊಳ್ಳಬಹುದಾದ ಕೆಲಸ. ಆದರೆ ಕೂತು ಉಣ್ಣುವವರಿಗೆ ಕುಡಿಕೆ ಹೊನ್ನು ಸಾಲದು ಎಂದ ನಮ್ಮ ಜನರಿಗೆ ಒಬ್ಬರ ಕುಡಿಕೆಯ ಮಿತಿ ತಿಳಿದಿತ್ತು. ಮುಪ್ಪು ಎಷ್ಟು ವರ್ಷದ್ದು ಎಂದು ಯಾರಿಗೂ ಗೊತ್ತಿಲ್ಲದಿರುವುದರಿಂದಲೇ ಅದನ್ನು ಒಬ್ಬೊಬ್ಬರ ಕುಡಿಕೆಗೆ ಬಿಡಬಾರದು. ಬೇಗ ಸಾಯುವವರೂ ಬಹುಕಾಲ ಬಾಳುವವರೂ ಒಂದೇ ನಿಧಿಯಲ್ಲಿದ್ದರೆ ಮಾತ್ರ ಲೆಕ್ಕ ಕೂಡುತ್ತದೆ.

ಕೇಳಬೇಕಾದದ್ದು ಹೆಚ್ಚೇನಿಲ್ಲ. ಕನಿಷ್ಠ ಪಿಂಚಣಿಯನ್ನು ಬದುಕಲು ಸಾಲುವಷ್ಟು ಏರಿಸಿ ಬೆಲೆಯೇರಿಕೆಗೆ ಕಟ್ಟಬೇಕು. 15,000ದ ಮಿತಿ ಹೋಗಬೇಕು. ಹೆರಿಗೆಗೆ, ಆರೈಕೆಗೆ ಬಿಟ್ಟ ವರ್ಷಗಳು ಸೇವೆಯ ಲೆಕ್ಕಕ್ಕೆ ಬರಬೇಕು. ಫೆಲೋಶಿಪ್ ಎಂದೋ ಗೌರವಧನ ಎಂದೋ ಹೆಸರಿಟ್ಟು ದುಡಿಮೆಯನ್ನು ಪಿಎಫ್‌ನಿಂದ ಹೊರಗಿಡುವುದು ನಿಲ್ಲಬೇಕು. ದುಡ್ಡೆಲ್ಲಿದೆ ಎಂದು ಕೇಳುವವರು ಇದ್ದೇ ಇರುತ್ತಾರೆ. 2016ರ ಏಪ್ರಿಲ್ 18ರ ಬೆಳಿಗ್ಗೆ ಪಿಎಫ್ ನಿಯಮವೂ ಬದಲಾಗದ ಕಲ್ಲಿನಂತೆಯೇ ಕಂಡಿತ್ತು. ಮರುದಿನ ಸಂಜೆಗೆ ಅದು ಬದಲಾಗಿತ್ತು. ಹೊಲಿಯುವವರಿಗೆ ಗೊತ್ತಿರುತ್ತದೆ, ಗಿಡ್ಡವಾಗಿ ಕತ್ತರಿಸಿದ್ದು ಬಟ್ಟೆಯ ತಪ್ಪೂ ಅಲ್ಲ, ತೊಡುವವರ ತಪ್ಪೂ ಅಲ್ಲ ಎಂದು.